ತಾಯಪ್ಪನ ಚಾವಣಿ ಯಂತ್ರ

ನನ್ನ ಮೈದುನ ತಾಯಪ್ಪ ತನ್ನ ಹೊಸ ಯಂತ್ರವನ್ನು ಓಣಿಯ ನಡುವೆ ಇಟ್ಟು, ಮದುಮಗನ ಹಾಗೆ ಎದೆಯುಬ್ಬಿಸಿ ನಿಂತ. ಕಾರಿನ ಮೈಯನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ಮಾಡಿ ಬಿಟ್ಟವನು. ಅಲ್ಲಿ ಸುತ್ತಲಿನ ಅಂಚುಗೆರೆ ಎಳೆದರೆ ಸಾಕಂತೆ, ನಡುವಿನ ಮೈ ತಾನಾಗಿ ತುಂಬಿಕೊಳ್ಳುತ್ತದಂತೆ. ಗೆರೆಗಳು ತುದಿಗೆ ತುದಿ ಕೂಡಿರಬೇಕು, ಅಷ್ಟೇ. ಆ ವಿದ್ಯೆಯನ್ನು ಪರದೆಯಿಂದ ಹೊರಗೆ ತಂದಿದ್ದೇನೆ, ಅಂಚು ತೋರಿಸಿದರೆ ಚಾವಣಿ ಬರುತ್ತದೆ ಎಂದ.

ನಮಗೆ ಬೇಕಾದದ್ದೂ ಚಾವಣಿಯೇ. ಪಾಳುಬಿದ್ದ ಕಲ್ಲುಗಣಿಯ ತಗ್ಗಿನೊಳಗೆ ನಮ್ಮ ಓಣಿ. ಚಾವಣಿ ಇಲ್ಲದ್ದು ಮನೆಯಲ್ಲ, ಮನೆಯಲ್ಲದ್ದನ್ನು ಬುಲ್ಡೋಜರ್ ತಳ್ಳಬಹುದು ಎಂದು ಸರ್ಕಾರ ಸಾರಿತ್ತು. ಮರುದಿನ ಸರ್ವೆಯವರು ಬರುವವರಿದ್ದರು. ತಲೆಯ ಮೇಲಿನ ಗೋಣಿತಾಟನ್ನು ಅವರು ಚಾವಣಿ ಎನ್ನುವುದಿಲ್ಲ. ಮಳೆಯೂ ಎಂದಿರಲಿಲ್ಲ.

ನನ್ನ ಗುಡಿಸಲ ಗೋಡೆಗಳ ಮೇಲೆ ನಾಲ್ಕು ಬಿದಿರು ಕಟ್ಟಿ ತಾಯಪ್ಪ ಬಟನ್ ಒತ್ತಿದ. ಬೆಳ್ಳನೆ ಹಾಳೆಯೊಂದು ನೀರಿನಂತೆ ಹರಡಿ ಕಲ್ಲಿನಂತೆ ಗಟ್ಟಿಯಾಯಿತು. ನಾನು ಅತ್ತೇಬಿಟ್ಟೆ!

ಅಷ್ಟರಲ್ಲಿ ಯಂತ್ರಕ್ಕೆ ರುಚಿ ಹತ್ತಿತು. ಕೊಡದ ಬಾಯಿ ಮುಚ್ಚಿತು, ನೀರು ಒಳಗೇ ಉಳಿಯಿತು. ಬಾಗಿಲ ಚೌಕಟ್ಟು ಮುಚ್ಚಿತು, ಮಾವ ಒಳಗೇ ಉಳಿದರು. ಬೈಗುಳ ಮಾತ್ರ ಹೊರಗೆ ಬಂತು. ತಾಯಪ್ಪ ಸುತ್ತಿಗೆಯಿಂದ ಅಪ್ಪನನ್ನು ಬಿಡಿಸಿ, ದೊಡ್ಡ ಅಂಚು ಸಿಕ್ಕರೆ ಸಣ್ಣದರ ತಂಟೆಗೆ ಹೋಗಬಾರದೆಂದು ಯಂತ್ರಕ್ಕೆ ಕಲಿಸಿದ.

ಮುಂಜಾನೆ ಎದ್ದು ನೋಡಿದರೆ, ಊರಿಗೆ ಬೇನೆ ಬಂದಾಗ ಮಾಡುವ ಹಾಗೆ, ನನ್ನತ್ತೆ ಹುಲಿಗೆಮ್ಮ ಅರಿಸಿನದ ನೂಲನ್ನು ತಗ್ಗಿನ ದಂಡೆಗುಂಟ ಸುತ್ತಿ ಗಂಟು ಹಾಕಿದ್ದಳು. ಬುಲ್ಡೋಜರ್ ಯಾವ ಬೇನೆಗೆ ಕಡಿಮೆ?

"ಯವ್ವಾ, ಆ ನೂಲು ಹರಿ. ಯಂತ್ರ ಅದನ್ನ ಅಂಚು ಅಂತ ತಿಳಕೊಂತೈತಿ," ಎಂದ ತಾಯಪ್ಪ.

"ಹರಿದ್ರ ಬುಲ್ಡೋಜರ್ ಒಳಗ ಬರ್ತೈತಿ."

"ಹರೀದಿದ್ರ ನಾವು ಹೊರಗ ಹೋಗಾದಿಲ್ಲ."

"ಹೊರಗ ಹೋಗಿ ಎಲ್ಲಿರ್ತೀಯೋ, ಭಾಡ್ಯಾ?"

ಆ ಪ್ರಶ್ನೆಗೆ ಉತ್ತರ ಕೊಡುವ ಯಂತ್ರವನ್ನು ತಾಯಪ್ಪ ಇನ್ನೂ ಮಾಡಿರಲಿಲ್ಲ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ಉಳಿದ ಗುಡಿಸಲುಗಳಿಗೆ ಚಾವಣಿ ಬಂದಿಲ್ಲವೆಂಬ ಗಾಬರಿಯಲ್ಲಿ ಬಟನ್ ಒತ್ತಿಯೇಬಿಟ್ಟ.

ಯಂತ್ರ ನೂಲನ್ನೇ ಆರಿಸಿಕೊಂಡಿತು. ದಂಡೆಯಿಂದ ದಂಡೆಗೆ, ಇಡೀ ಓಣಿಗೆ ಒಂದೇ ಚಾವಣಿ! ರಸ್ತೆಯ ಮಟ್ಟಕ್ಕೆ ಸರಿಯಾಗಿ, ಒಂದು ಸುಕ್ಕೂ ಇಲ್ಲದೆ. ಆಕಾಶ ಹೋಯಿತು. ಅಷ್ಟೆತ್ತರಕ್ಕೆ ಸುತ್ತಿಗೆ ನಿಲುಕಲಿಲ್ಲ.

ತಲೆಯ ಮೇಲೆ ಬೂಟುಗಳು ನಡೆದಾಡಿದವು.

"ಒಂದೂ ಮನಿ ಇಲ್ಲಲ್ರೀ ಸರ್. ನೆಲ ಏನ್ ಚಂದ ಐತಿ ನೋಡ್ರಿ. ಖಾಲಿ ಜಾಗ ಅನ್ನೋಣ?"

"ಅನ್ನು."

ಓಣಿಗೆ ಓಣಿಯೇ ಗಂಟಲು ಹರಿಯುವಂತೆ ಕೂಗಿದೆವು. ಅವರಿಗೆ ಕೇಳಿಸಲಿಲ್ಲ. ಅದಕ್ಕಾಗಿ ನಾನು ಯಂತ್ರವನ್ನು ದೂರುವುದಿಲ್ಲ. ಚಾವಣಿ ಇಲ್ಲದಾಗಲೂ ಅವರಿಗೆ ಕೇಳಿಸುತ್ತಿರಲಿಲ್ಲ.