ಯಾರೂ ಇಲ್ಲದ ದ್ವೀಪದಿಂದ ಹೋದ ಒಂದು ಜಾಡಿ

ದ್ವೀಪ ತಪಾಸಣಾಧಿಕಾರಿಗಳೂ, ಅರಮನೆಯ ನಂಬಿಕೆಗೆ ಪಾತ್ರರೂ, ತೀರಿಕೊಂಡು ನೂರು ವರ್ಷಗಳೇ ಕಳೆದಿದ್ದರೂ ನಮ್ಮ ಮೇಲೆ ಅಧಿಕಾರ ನಡೆಸುತ್ತಲೇ ಇರುವವರೂ ಆದ ಮಾನ್ಯ ಪ್ಯೊನ್ ಅವರಿಗೆ, ಉಲ್ಲಂಗ್ ದ್ವೀಪದ ಬಾಂಗ್ ಸೊಲ್‌ಹ್ವಾ ಸೊಂಟ ಬಾಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಒಂದು ಸಂಗತಿಯನ್ನು ಈ ಪತ್ರದಿಂದ ಬಿಟ್ಟುಬಿಡುವುದರಲ್ಲಿದ್ದೆ. ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೆ. ೧೮೭೯ರ ವಸಂತದಲ್ಲಿ ತಾವು ಬರೆದ ತಪಾಸಣಾ ವರದಿಯ ಕೊನೆಯ ಹಾಳೆಯನ್ನು ನಾನು ಎರಡು ವರ್ಷಗಳ ಹಿಂದೆಯೇ ಓದಿದ್ದೇನೆ, ಓದಿ ಸುಮ್ಮನೆ ಕೂತಿದ್ದೇನೆ. ದೂರು ಹೇಳಲು ಹೊರಟವಳು ತನ್ನ ಪಾಲಿನ ತಪ್ಪನ್ನು ಮೊದಲು ಒಪ್ಪಿಕೊಳ್ಳುವುದೇ ಸರಿ ಎಂದು ಕಡೆಗೆ ಅನ್ನಿಸಿತು. ಆ ಹಾಳೆಯಲ್ಲಿ ಏನಿದೆಯೆಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಮ್ಮ ಸರಕಾರದ ಆಡಳಿತ ಕೌಶಲವನ್ನು ಹೊಗಳದೆ ಮುಂದೆ ಹೋಗುವುದು ಅವಿನಯವಾದೀತು. ಜನರನ್ನು ಇಟ್ಟುಕೊಂಡು ಆಳುವುದು ಯಾವ ರಾಜನೂ ಮಾಡಬಹುದಾದ ಕೆಲಸ. ಜನರಿದ್ದರೆ ಕಡಲ್ಗಳ್ಳರು ಬರುತ್ತಾರೆ, ತೆರಿಗೆ ತಪ್ಪಿಸಿಕೊಂಡವರು ಬಂದು ಸೇರುತ್ತಾರೆ, ಆದ್ದರಿಂದ ಜನರೇ ಬೇಡವೆಂದು ದ್ವೀಪವನ್ನು ಬರಿದು ಮಾಡಿಸಿ, ಅದು ಬರಿದಾಗಿಯೇ ಇದೆಯೆಂದು ಖಚಿತಪಡಿಸಿಕೊಳ್ಳಲು ಎರಡು ಮೂರು ವರ್ಷಕ್ಕೊಮ್ಮೆ ಎಂಬತ್ತರಿಂದ ನೂರು ಜನರನ್ನು ಹಡಗಿನಲ್ಲಿ ತುಂಬಿ ಕಳಿಸುವ ಉಪಾಯ ತಮ್ಮವರಿಗಲ್ಲದೆ ಇನ್ನಾರಿಗೆ ಹೊಳೆದೀತು? ಆ ಹಡಗು ಇಲ್ಲಿ ಲಂಗರು ಹಾಕಿದಷ್ಟು ದಿನ ದ್ವೀಪದಲ್ಲಿ ನೂರು ಮಂದಿ ಇರುತ್ತಿದ್ದರು. ಆ ನೂರೂ ಮಂದಿ ಇಲ್ಲಿ ಯಾರೂ ಇಲ್ಲವೆಂದು ಸಾಕ್ಷಿ ಹೇಳಿ ಹಿಂದಿರುಗುತ್ತಿದ್ದರು.

ತಮ್ಮ ವರದಿಯ ಮೊದಲ ಹಾಳೆ ನನಗೆ ಬಾಯಿಪಾಠ. ಇಲ್ಲಿನ ಒಂದು ಪುಟ್ಟ ಸಂಗ್ರಹಾಲಯದಲ್ಲಿ ಬಂದವರಿಗೆ ವಿವರಣೆ ಕೊಡುವುದು ನನ್ನ ಉದ್ಯೋಗ. ಗಾಜಿನ ಪೆಟ್ಟಿಗೆಯಲ್ಲಿರುವ ಆ ಹಾಳೆಯ ಮುಂದೆ ನಿಂತು ಹನ್ನೊಂದು ವರ್ಷಗಳಿಂದ ಅದರ ಎರಡು ವಾಕ್ಯಗಳನ್ನು ಓದಿ ಹೇಳುತ್ತಿದ್ದೇನೆ. ಒಂದು: ‘ಆಕಾಶ ತಿಳಿಯಾಗಿದ್ದ ದಿನ ಬೆಟ್ಟವೇರಿ ನೋಡಲು, ಪೂರ್ವದಲ್ಲಿ ಎರಡು ಕಲ್ಲುಗಳು ಕಂಡವು.’ ಇನ್ನೊಂದು: ‘ದ್ವೀಪವನ್ನೆಲ್ಲ ಸುತ್ತಿದರೂ ಮನುಷ್ಯರು ಕಾಣಲಿಲ್ಲ, ಬೆಕ್ಕುಗಳು ಹೇರಳ.’ ನಾನು ಇಂಗ್ಲಿಷಿನಲ್ಲಿ ಓದಿದವಳೆಂದು ಅಲ್ಲಿನ ಇಂಗ್ಲಿಷ್ ಫಲಕವನ್ನೂ ನನ್ನಿಂದಲೇ ಬರೆಸಿದರು. ಯಾರೂ ಇರಲಿಲ್ಲ ಎಂಬುದು ಆ ಭಾಷೆಯಲ್ಲಿ ಇನ್ನೂ ಖಚಿತವಾಗಿ ಕೇಳಿಸುತ್ತದೆ.

ಆ ಎರಡು ಕಲ್ಲುಗಳೆಂದರೆ ನಡುಗಡಲಿನ ದೊಕ್ದೊ ಬಂಡೆಗಳು. ನಾವು ನಮ್ಮದೆನ್ನುತ್ತೇವೆ, ಕಡಲಾಚೆಯ ಎದುರು ತೀರದ ದೇಶದವರು ತಮ್ಮದೆನ್ನುತ್ತಾರೆ. ತಮ್ಮ ಆ ಒಂದು ಸಾಲನ್ನು ಪಂಡಿತರು ಗರಿ ಮುರಿಯದಂತೆ ಹಕ್ಕಿಯನ್ನು ಹಿಡಿದವರ ಹಾಗೆ ಎತ್ತಿಕೊಂಡು ದೇಶದೇಶಗಳ ಸಭೆಗಳಿಗೆ ಹೋಗಿಬರುತ್ತಾರೆ. ಎಂಬತ್ತೇಳು ಕಿಲೋಮೀಟರು ಆಚೆಯ ಕಲ್ಲುಗಳನ್ನು ಕಂಡ ತಮ್ಮ ಕಣ್ಣುಗಳ ಬಗ್ಗೆ ನನಗೆ ಅಪಾರ ಗೌರವ. ಹತ್ತು ಹೆಜ್ಜೆ ದೂರದಲ್ಲಿ ಹಸುಗೂಸನ್ನು ಎತ್ತಿಕೊಂಡು ನಿಂತಿದ್ದ ಹೆಂಗಸು ಅದೇ ಕಣ್ಣುಗಳಿಗೆ ಕಾಣದೆ ಹೋದದ್ದು ಹೇಗೆ ಎಂಬುದಷ್ಟೇ ನನ್ನ ವಿನಮ್ರ ಪ್ರಶ್ನೆ.

ಆ ಹೆಂಗಸಿನ ಹೆಸರು ಜೊಮ್‌ನ್ಯೆ, ನನ್ನ ಅತ್ತೆಯ ಮುತ್ತಜ್ಜಿ. ದೋಣಿ ಕಟ್ಟುವ ಗಂಡನ ಜೊತೆ ದಕ್ಷಿಣದ ಕರಾವಳಿಯಿಂದ ಕದ್ದು ಬಂದು, ಇಲ್ಲಿ ನೆಲೆಸಲು ಅಪ್ಪಣೆ ಸಿಗುವುದಕ್ಕೆ ಐದಾರು ವರ್ಷ ಮೊದಲೇ ಕಣಿವೆಯಲ್ಲಿ ಮನೆ ಹೂಡಿದವಳು. ಸಿಕ್ಕಿಬಿದ್ದರೆ ಗಂಡನಿಗೆ ದೊಣ್ಣೆಯೇಟು, ಇಬ್ಬರಿಗೂ ಗಡೀಪಾರು. ಅಂದು ಕಂಕುಳಲ್ಲಿದ್ದ ಕೂಸು ಮುಂದೆ ನನ್ನ ಅತ್ತೆಯ ಅಜ್ಜಿಯಾಗಿ, ಈ ಕಥೆಯನ್ನು ಅತ್ತೆಗೆ ಹೇಳಿ ಹೋಯಿತು. ಗಾಳಿ ತಿರುಗಲೆಂದು ತಾವು ಹನ್ನೊಂದು ದಿನ ಕೊಲ್ಲಿಯಲ್ಲಿ ಕಾದಿರಂತೆ, ಹೊಟ್ಟೆ ಕೆಟ್ಟು ಮಲಗಿದಿರಂತೆ. ಹೊಗೆಯ ಜಾಡು ಹಿಡಿದು ಗುಡಿಸಲಿಗೆ ಬಂದ ತಮ್ಮ ಆಳುಗಳಿಗೆ ಬಿಸಿ ಸಾರು ಕೊಟ್ಟು ಕಳಿಸಿದವಳು ಜೊಮ್‌ನ್ಯೆ. ಗುಣವಾದ ಮೇಲೆ ತಾವೇ ಬಂದಿರಿ. ಕೂಸು ಅತ್ತಿತು. ತಾವು ಬೆನ್ನು ತಿರುಗಿಸಿ ನಿಂತು ಗುಮಾಸ್ತನಿಗೆ, “ಬರ್ಕೊಳಯ್ಯ, ಈ ದ್ವೀಪದಲ್ಲಿ ಬೆಕ್ಕು ಜಾಸ್ತಿ,” ಎಂದಿರಂತೆ.

ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಅಧಿಕಾರಿಯೂ ನಮ್ಮ ಮನೆತನಕ್ಕೆ ಮಾಡಿಲ್ಲ. ತೊಂದರೆ ಏನೆಂದರೆ, ಉಪಕಾರಕ್ಕೆ ದಾಖಲೆ ಇಲ್ಲ, ಬೆಕ್ಕಿಗೆ ಇದೆ.

ಈಗ ನಮ್ಮೂರ ಹಿರಿಯರು ಸೇರಿ ಮೊದಲ ನೆಲೆಗಾರರ ಹೆಸರುಗಳ ಕಲ್ಲೊಂದನ್ನು ಬಂದರಿನಲ್ಲಿ ನಿಲ್ಲಿಸುತ್ತಿದ್ದಾರೆ. ಈ ತಿಂಗಳ ಇಪ್ಪತ್ತೈದಕ್ಕೆ ಅನಾವರಣ. ಎಂಬತ್ತೇಳು ವರ್ಷದ ನನ್ನ ಅತ್ತೆ ಮಾಕ್‌ಸುನ್ ಅವರಿಗೆ ಜೊಮ್‌ನ್ಯೆಯ ಹೆಸರು ಅದರಲ್ಲಿರಬೇಕು. ಬೇರೆ ಆಸೆಯೊಂದನ್ನು ಅವರು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಅರ್ಜಿ ಕೊಟ್ಟೆವು. ಸಮಿತಿಯ ಕಾರ್ಯದರ್ಶಿ ತಾಕ್ ನಮ್ಮ ನೆರೆಯವರೇ, ಸ್ಕ್ವಿಡ್ ಮೀನು ಒಣಗಿಸುವವರು. ಅವರು ಮನೆಗೇ ಬಂದು, ಕೊಟ್ಟ ಚಹಾವನ್ನು ಮುಟ್ಟದೆ, ಬಹಳ ಸಂಕಟದಿಂದ, “ಅಜ್ಜಿ, ನೀವು ಹೇಳೋದು ನಿಜಾನೇ ಇರ್ಬೋದು. ಆದ್ರೆ ಯಾರೂ ಇಲ್ಲ ಅಂತ ದೊಡ್ಡ ಸಾಹೇಬ್ರೇ ಬರ್ದಿದಾರಲ್ಲ. ಇಲ್ದೇ ಇದ್ದೋರ ಹೆಸ್ರು ಕಲ್ಲಲ್ಲಿ ಹೆಂಗೆ ಕೆತ್ಸೋದು ಹೇಳಿ,” ಎಂದರು.

“ಅವನ ಕಣ್ಣಿಗೇನು ಏಡಿ ಕಚ್ಚಿತ್ತಾ?” ಎಂದರು ಅತ್ತೆ. “ನಿಮ್ಮಪ್ಪ ಚಿಕ್ಕೋನಿದ್ದಾಗ ನಮ್ಮ ಜೋಳ ಕದ್ದು ನಮ್ಮಜ್ಜಿ ಕೈಲಿ ಒದೆ ತಿಂದ. ಇಲ್ದೇ ಇದ್ದೋಳ ಮಗಳ ಕೈಲಿ ಒದೆ ತಿಂದೆ ಅಂತ ಅವನ ಸಮಾಧಿ ಮೇಲೆ ಬರ್ಸಪ್ಪ, ಹಂಗಾದ್ರೆ.”

ತಾಕ್ ಹೊರಗೆ ಹೋಗಿ, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, ದನಿ ತಗ್ಗಿಸಿ ನನಗೆ ಹೇಳಿದ ಮಾತು ಬೇರೆ. “ಅಕ್ಕ, ನೀವು ಓದಿದೋರು, ನಿಮಗೆ ಅರ್ಥ ಆಗುತ್ತೆ. ಆ ವರದೀಲಿ ಒಂದು ಸುಳ್ಳು ಇದೆ ಅಂದ್ರೆ, ಆ ಎರಡು ಕಲ್ಲು ಕಂಡಿದ್ದೂ ಸುಳ್ಳು ಅಂತ ಎದುರುಗಡೆಯೋರು ನಾಳೆ ಬೆಳಗ್ಗೇನೇ ಶುರು ಮಾಡ್ತಾರೆ.”

ನನಗೆ ಅರ್ಥವಾಯಿತು, ಮಾನ್ಯರೇ. ಎರಡು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೂ ಅದೇ ಹೆದರಿಕೆಯಿಂದ. ದೇಶದ ಕಲ್ಲುಗಳು ತಕ್ಕಡಿಯ ಒಂದು ತಟ್ಟೆಯಲ್ಲಿ, ಒಬ್ಬ ಮುದುಕಿಯ ಮುತ್ತಜ್ಜಿ ಇನ್ನೊಂದರಲ್ಲಿ. ಯಾವುದು ಭಾರವೆಂದು ಯಾರೂ ನನ್ನನ್ನು ಕೇಳಿರಲೂ ಇಲ್ಲ. ಸಂಬಳ ಪಡೆದು ಹೇಳುವ ವಾಕ್ಯವನ್ನು ಅನುಮಾನಿಸುವುದು ಕಷ್ಟವೆಂಬ ಸಣ್ಣ ಕಾರಣವೂ ಇತ್ತೆಂದು ಈಗ ಅನ್ನಿಸುತ್ತದೆ.

ಇನ್ನು ಸಂಗ್ರಹಾಲಯದ ಕಪಾಟಿನಲ್ಲಿ ನನಗೆ ಸಿಕ್ಕ ಆ ಕೊನೆಯ ಹಾಳೆ. ದ್ವೀಪಕ್ಕೆ ನಿಜವಾಗಿ ಹೋಗಿದ್ದಕ್ಕೆ ಸಾಕ್ಷಿಯಾಗಿ ತಾವು ಇಲ್ಲಿಂದ ಒಯ್ದು ಅರಮನೆಗೆ ಒಪ್ಪಿಸಿದ ವಸ್ತುಗಳ ಪಟ್ಟಿ ಅದರಲ್ಲಿದೆ: ಬಿದಿರು, ಪರಿಮಳದ ಮರದ ತುಂಡು, ಕೆಂಪು ಮಣ್ಣು, ಕಡಲ ಸಿಂಹದ ಎರಡು ಚರ್ಮ. ಎಲ್ಲಕ್ಕೂ ಕೆಳಗೆ, ಅದೇ ಅಂದವಾದ ಕೈಬರಹದಲ್ಲಿ: ‘ಹುದುಗು ಬಂದ ಸೋಯಾ, ಸಣ್ಣ ಜಾಡಿ, ಒಂದು.’

ಇಷ್ಟು ಪ್ರಾಮಾಣಿಕರಾದ ತಮಗೆ ನಾನು ಹೇಗೆ ಕೃತಜ್ಞತೆ ಹೇಳಲಿ? ಜೊಮ್‌ನ್ಯೆ ಕೈಗಿತ್ತ ಉಡುಗೊರೆಯನ್ನು ಬರೆಯದೆ ಒಯ್ಯುವುದು ಲಂಚವಾದೀತೆಂದು ತಾವು ಅಂಜಿದಿರಿ. ಹಾಗಾಗಿ ತಮ್ಮ ವರದಿಯ ಪ್ರಕಾರ, ಮನುಷ್ಯರೇ ಇಲ್ಲದ ಈ ದ್ವೀಪದಲ್ಲಿ ಸೋಯಾ ಕಾಳು ತಾನೇ ಬಿತ್ತಿಕೊಂಡು ಬೆಳೆದು, ತಾನೇ ಕೊಯ್ದುಕೊಂಡು ಬೆಂದು, ತನ್ನನ್ನು ತಾನೇ ಕುಟ್ಟಿಕೊಂಡು ಉಂಡೆಯಾಗಿ, ಹುಲ್ಲಿನ ಹಗ್ಗ ಕಟ್ಟಿಕೊಂಡು ಚಳಿಗಾಲವಿಡೀ ಸೂರಿನಡಿ ನೇತಾಡಿ, ವಸಂತದಲ್ಲಿ ಉಪ್ಪುನೀರಿಗೆ ಇಳಿದು, ಒಂದು ವರ್ಷ ತಾಳ್ಮೆಯಿಂದ ಹುದುಗಿ, ತಾವು ಬರುವ ಸುದ್ದಿ ತಿಳಿದು ಜಾಡಿಯೊಳಗೆ ಕೂತು ಮುಚ್ಚಳ ಹಾಕಿಕೊಂಡಿತು. ಬೆಕ್ಕುಗಳು ಮಾಡಿರಬಹುದೇ ಎಂದೂ ಯೋಚಿಸಿದೆ. ನಮ್ಮ ಬೆಕ್ಕು ಮೀನಿನ ತಲೆಯನ್ನು ಅಂಗಳದ ಆಚೆಗೂ ಒಯ್ಯುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ಎರಡು ಮೂರು ವರ್ಷಕ್ಕೊಮ್ಮೆ ಬರಬೇಕೆಂಬ ನಿಯಮದಂತೆ ತಮ್ಮ ಭೇಟಿ ಬಹಳ ಕಾಲದಿಂದ ಬಾಕಿಯಿದೆ. ದಯವಿಟ್ಟು ಒಮ್ಮೆ ಬಂದು, ಈ ಸಲ ಮುಖ ಈ ಕಡೆ ತಿರುಗಿಸಿ, ವರದಿಯನ್ನು ತಿದ್ದಿಕೊಡಬೇಕು. ಗೋರಿಯಿಂದೇಳಲು ಮೇಲಧಿಕಾರಿಗಳ ಒಪ್ಪಿಗೆ ಬೇಕಾದರೆ, ಜೊಮ್‌ನ್ಯೆ ಎಂಬಾಕೆ ೧೮೭೯ರ ವಸಂತದಲ್ಲಿ ಈ ಕಣಿವೆಯಲ್ಲಿ ಕ್ರಮಬದ್ಧವಾಗಿ ಇರಲಿಲ್ಲವೆಂದೂ, ಹಾಗೆ ಇರದಿದ್ದವರಲ್ಲಿ ಈಕೆಯೇ ಮೊದಲಿಗಳೆಂದೂ ಒಂದು ಪ್ರಮಾಣಪತ್ರವನ್ನಾದರೂ ಕಳಿಸಬೇಕು. ಸಮಿತಿ ಅದನ್ನು ಖಂಡಿತ ಸ್ವೀಕರಿಸುತ್ತದೆ. ಮುದ್ರೆ ಮಾತ್ರ ಸರಕಾರಿ ಪದ್ಧತಿಯಂತೆ ಚೌಕವಾಗಿರಲಿ.

ಅಣಕವನ್ನು ಒಂದು ಗಳಿಗೆ ಬದಿಗಿಡುತ್ತೇನೆ. ಸಿಕ್ಕಿಬೀಳುವ ಅಪಾಯವಿದ್ದರೂ ಆ ಜಾಡಿಯನ್ನು ಬರೆಯದೆ ಇರಲಾಗದ ಮನುಷ್ಯ, ಕಾಣದ ಕಲ್ಲುಗಳನ್ನು ಕಂಡೆನೆಂದು ಬರೆದಿರಲಾರ. ತಾವು ಹೇಳಿದ ಸುಳ್ಳು ಒಂದೇ, ಅದೂ ಒಂದು ಕೂಸಿಗಾಗಿ. ಈ ತರ್ಕ ನನಗೆ ಅನುಕೂಲವೆಂದೇ ಇಷ್ಟು ಸರಿಯಾಗಿ ಕಾಣುತ್ತಿದೆಯೋ ಏನೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅತ್ತೆಗೆ ಹೇಳಿದೆ. ಎರಡು ವರ್ಷ ಮುಚ್ಚಿಟ್ಟಿದ್ದನ್ನೂ ಹೇಳಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಲೇ, “ನೀನೂ ಅವನ ಹಾಗೇ ಬೆನ್ನು ತಿರುಗಿಸಿ ನಿಂತೆ ಅನ್ನು. ಅವನು ತಿರುಗಿದ್ದಕ್ಕೆ ನಾವು ಉಳ್ಕೊಂಡ್ವಿ. ನೀನು ತಿರುಗಿದ್ದಕ್ಕೆ ಯಾರು ಉಳ್ಕೊಂಡ್ರಮ್ಮ?” ಎಂದರು.

ಕೊನೆಯ ಹಾಳೆಯ ಪ್ರತಿಯನ್ನು ಈ ಪತ್ರಕ್ಕೆ ಲಗತ್ತಿಸಿ, ಸಮಿತಿಗೂ ಪತ್ರಿಕೆಗೂ ಒಂದೊಂದು ಕಳಿಸುತ್ತಿದ್ದೇನೆ. ಗಾಜಿನ ಪೆಟ್ಟಿಗೆಯ ಮುಂದೆ ಇನ್ನು ಮುಂದೆ ನಿಲ್ಲುವವರು ನಾನೋ ಬೇರೆಯವರೋ ತಿಳಿಯದು.

ತಮ್ಮ ವರದಿಯಲ್ಲಿ ಇಲ್ಲದ ಮನೆತನದ ಸೊಸೆ, ಆದರೂ
ತಮ್ಮ ವಿಶ್ವಾಸಿ,
ಬಾಂಗ್ ಸೊಲ್‌ಹ್ವಾ

ತಾ.ಕ.: ‘ವಿಳಾಸದಾರರು ಸಿಗಲಿಲ್ಲ’ ಎಂಬ ಮುದ್ರೆಯೊತ್ತಿ ಅಂಚೆಯವರು ತಮ್ಮ ಪ್ರತಿಯನ್ನು ಹಿಂದಿರುಗಿಸಿದರೆ ಬೇಸರಿಸಬೇಡಿ. ಸಿಗಲಿಲ್ಲವೆಂದು ಅಧಿಕಾರಿಗಳು ಬರೆದ ಮೇಲೆ ಅಂಥವರು ಎಂದೂ ಇರಲೇ ಇಲ್ಲವೆಂಬುದು ನಮ್ಮ ಸಮಿತಿಯ ಪದ್ಧತಿ. ಆಗ ತಮಗೂ ಜೊಮ್‌ನ್ಯೆಗೂ ಒಂದೇ ಕಡೆ ಜಾಗ ಹುಡುಕಬೇಕಾಗುತ್ತದೆ.

ಅಂಚೆಗೆ ಹಾಕುವುದು: ಅಕ್ಟೋಬರ್ ೧೪, ಸೋಮವಾರ, ಕಲ್ಲಿನ ಹೆಸರುಗಳ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ. ಸಮಿತಿಯ ಪ್ರತಿಯನ್ನು ಅತ್ತೆ ತಮ್ಮ ಕೈಯಿಂದಲೇ ಹಾಕುತ್ತಾರಂತೆ.