ಆರು ಮಂದಿ, ಒಂಬತ್ತು ಟೊಕ್

“ಈ ಭಾನುವಾರ ಆ ರೆಕಾರ್ಡ್ ಕಂಪನಿಯ ಮಾನ ಹರಾಜು ಹಾಕದೇ ಹೋದ್ರೆ ಇದು ಕಿವಿಯೇ ಅಲ್ಲ!”

ಹೀಗೆಂದು ಘೋಷಿಸಿ ಕನ್ನಡಕದ ಅಂಗಡಿಯ ಯಜಮಾನರು ಊಟದ ಮೇಜನ್ನು ಗುದ್ದಿದರು. ನೀರಿನ ಲೋಟ ಮಗುಚಿತು. ನೀರು ನೆಟ್ಟಗೆ ಹೋಗಿ, ಅವರ ಹೆಂಡತಿ ಟೈಲರಮ್ಮ ಗುಂಡಿ ಹಚ್ಚಲು ತಂದಿಟ್ಟಿದ್ದ ಯಾರದೋ ಕೋಟಿನ ತೋಳೊಳಗೆ ಸೇರಿತು.

“ಕಿವಿ ವಿಷಯ ಆಮೇಲೆ ನೋಡೋಣ, ಮೊದಲು ಕೈ ನೆಟ್ಟಗಿಟ್ಕೊಳ್ಳಿ” ಎಂದರು ಟೈಲರಮ್ಮ.

ಯಜಮಾನರ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಅರವತ್ತು ವರ್ಷದ ಹಿಂದೆ ಆರು ಜನ ಸೇರಿ ಬಾರಿಸಿದ ಜಾಜ್ ರೆಕಾರ್ಡೊಂದು ಅವರ ಪ್ರಾಣ. ಟ್ರಂಪೆಟ್, ಸ್ಯಾಕ್ಸೊಫೋನ್, ಟ್ರಾಂಬೋನ್, ಪಿಯಾನೊ, ಬೇಸ್, ಡ್ರಮ್. ಹಾರ್ಡ್ ಬಾಪ್ ಎಂಬ ಬಿರುಸಿನ ಜಾತಿಯದು. ಆರೂ ಜನ ಒಟ್ಟಿಗೆ ಶುರು ಹಚ್ಚಿಕೊಂಡರೆ ಕಿಟಕಿ ಗಾಜಿಗೂ ಕಾಲು ಕುಣಿಸುವ ಆಸೆಯಾಗುತ್ತದೆ. ಮದುವೆಗೆ ಮುಂಚೆಯೇ ಕೊಂಡಿದ್ದ ಆ ಕರಿ ತಟ್ಟೆಯನ್ನು ಯಜಮಾನರು ದಿನಾ ಸಂಜೆ ಅಂಗಡಿಯಿಂದ ಬಂದು ಕೇಳುತ್ತಿದ್ದರು. ಕೇಳುವುದಕ್ಕೊಂದು ಕುರ್ಚಿ, ಕುರ್ಚಿಯ ಮೇಲೆ, ಮದುವೆಯಾದ ಹೊಸತರಲ್ಲಿ ಹೆಂಡತಿ ಹೊಲಿದುಕೊಟ್ಟ ನೀಲಿ ದುಂಡು ಕುಶನ್ನು. ಇಪ್ಪತ್ತೆರಡು ವರ್ಷದಲ್ಲಿ ಕುಶನ್ನು ಚಪ್ಪಟೆಯಾಗಿತ್ತು, ಯಜಮಾನರು ದುಂಡಗಾಗಿದ್ದರು.

ಆ ರೆಕಾರ್ಡಿನ ಎರಡನೇ ಮಗ್ಗುಲಿನಲ್ಲಿ ಒಂದು ಜಾಗವಿದೆ. ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು, ಬೇಸ್‌ನವನೊಬ್ಬನೇ ಗುಂಯ್‌ಗುಡುವ ಹೊತ್ತು. ಆಗ ಎಲ್ಲಿಂದಲೋ ಟೊಕ್! ಸ್ವಲ್ಪ ಬಿಟ್ಟು ಮತ್ತೆ ಟೊಕ್! ಹೀಗೆ ಒಂಬತ್ತು ಸಲ. ಡ್ರಮ್ಮಿನವನು ಡ್ರಮ್ಮಿನ ಅಂಚಿಗೆ ಕೋಲಿನಿಂದ ಹೊಡೆಯುತ್ತಾನೆ ಎಂಬುದು ಯಜಮಾನರ ಸಂಶೋಧನೆ. ಒಂದಾದರೂ ತಾಳಕ್ಕೆ ಸರಿಯಾಗಿ ಬೀಳುವುದಿಲ್ಲ! ಅದೇ ಅದರ ಹೆಚ್ಚುಗಾರಿಕೆ! ಊರಿನ ಜಾಜ್ ಕೇಳುಗರ ಬಳಗದ ಪತ್ರಿಕೆಯಲ್ಲಿ “ತಾಳ ಮೀರಿದ ತಾಳ” ಎಂದು ಹನ್ನೊಂದು ಪುಟದ ಲೇಖನವನ್ನೇ ಬರೆದರು. ಅದನ್ನೋದಿ ಬಳಗದ ಅಧ್ಯಕ್ಷರಾದ ಶಾಲೆಯ ಬ್ಯಾಂಡ್ ಮಾಸ್ತರರು ಎಷ್ಟು ಮರುಳಾದರೆಂದರೆ, ಶಾಲಾ ವಾರ್ಷಿಕೋತ್ಸವದಲ್ಲಿ ತಮ್ಮ ಮಕ್ಕಳಿಂದಲೂ ಒಂಬತ್ತು ಟೊಕ್ ಹಾಕಿಸಿದರು. ತಾಯಿತಂದೆಯರು ಬೆಂಚಿನ ಕಾಲು ಮುರಿಯಿತೆಂದು ಬಗ್ಗಿ ಬಗ್ಗಿ ನೋಡಿದರಂತೆ.

ಈಗ ಕಂಪನಿಯವರು ಅದೇ ಆರು ಮಂದಿಯ ಹಳೆಯ ರೆಕಾರ್ಡುಗಳನ್ನು ಶುಚಿ ಮಾಡಿ, ಚಂದದ ಪೆಟ್ಟಿಗೆಯಲ್ಲಿ ಹೊಸದಾಗಿ ತಂದಿದ್ದರು. ಯಜಮಾನರು ಪೆಟ್ಟಿಗೆ ಬಿಚ್ಚಿ, ನೀಲಿ ಕುಶನ್ನಿನ ಮೇಲೆ ಆಸೀನರಾಗಿ, ಕಣ್ಣು ಮುಚ್ಚಿ ಕೇಳಿದರು. ಬೇಸ್ ಬಂತು. ಬೇಸ್ ಹೋಯಿತು. ಟೊಕ್ ಇಲ್ಲ!

ಮತ್ತೆ ಹಾಕಿದರು. ಇಲ್ಲ. ಸ್ಪೀಕರಿಗೇ ಕಿವಿ ಅಂಟಿಸಿದರು. ಇಲ್ಲ! ಅಷ್ಟರಲ್ಲಿ ಆರೂ ಜನ ಒಮ್ಮೆಲೇ ಶುರುವಾಗಿ, ಯಜಮಾನರು ಒಂದು ಗಳಿಗೆ ಗೋಡೆ ಹಿಡಿದುಕೊಂಡು ನಿಂತರು.

“ಒಂಬತ್ತಕ್ಕೆ ಒಂಬತ್ತೂ ಒರೆಸಿ ಹಾಕಿದಾರೆ ಕಣೇ! ಕಸ ಅಂದ್ಕೊಂಡಿದಾರೆ ಕಿವುಡ್ರು!”

ಟೈಲರಮ್ಮನ ಹೊಲಿಗೆ ಯಂತ್ರ ಅಲ್ಲಿಗೇ ನಿಂತಿತು. “ರೀ... ಆ ಟೊಕ್ ವಿಷಯ... ನಾನೊಂದು ಹೇಳ್ಬೇಕಿತ್ತು.”

“ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು. ಇದಕ್ಕೆ ಕಿವಿ ಬೇಕು.”

ಯಂತ್ರ ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗಿ.

ಆವತ್ತೇ ಕಂಪನಿಗೆ ನಾಲ್ಕು ಪುಟದ ಪತ್ರ ಹೋಯಿತು. “ಮಹನೀಯರೇ, ನೀವು ಒರೆಸಿದ್ದು ಸದ್ದನ್ನಲ್ಲ, ಚರಿತ್ರೆಯನ್ನು” ಎಂದೇ ಆರಂಭ. ಮೂರು ವಾರಕ್ಕೆ ವಿನಯದ ಉತ್ತರ ಬಂತು: ತಮ್ಮ ಮೂಲ ಟೇಪಿನಲ್ಲಿ ಅಂಥ ಸದ್ದೇ ಇಲ್ಲ, ಮಾನ್ಯರ ಬಳಿ ಇರುವುದು ಬೇರೆಲ್ಲೂ ಸಿಗದ ಪ್ರತಿ ಇರಬಹುದು, ದಯಮಾಡಿ ಅದನ್ನು ಪರೀಕ್ಷೆಗೆ ಕಳಿಸಿಕೊಡಬೇಕು.

ಬೇರೆಲ್ಲೂ ಸಿಗದ ಪ್ರತಿ! ಯಜಮಾನರು ಉಬ್ಬಿಹೋದರು. ಅಂಗಡಿಗೆ ಕಣ್ಣು ತೋರಿಸಲು ಬಂದವರಿಗೆಲ್ಲ ಮೊದಲು ಪತ್ರ ಓದಲು ಕೊಟ್ಟರು. ಓದಲಾಗದವರಿಗೆ ಕನ್ನಡಕ ಹಾಕಿಸಿ ಓದಿಸಿದರು. ಬ್ಯಾಂಡ್ ಮಾಸ್ತರರಂತೂ ಓದಿ ಕೈಮುಗಿದುಬಿಟ್ಟರು. “ಇನ್ನು ನಾನು ಅಧ್ಯಕ್ಷರ ಕುರ್ಚೀಲಿ ಕೂರೋದು ತಪ್ಪು. ಭಾನುವಾರ ಮಧ್ಯಾಹ್ನ ಬಳಗನೆಲ್ಲ ನಿಮ್ಮನೆಗೇ ಕರೀರಿ. ಹಳೇದು ಹೊಸದು ಎರಡೂ ಕೇಳಿಸಿ. ಅಲ್ಲೇ ನಿಮ್ಮನ್ನ ಅಧ್ಯಕ್ಷರು ಮಾಡಿಬಿಡೋಣ.”

ಹದಿನಾಲ್ಕು ವರ್ಷದಿಂದ ಯಜಮಾನರು ಕಣ್ಣಿಟ್ಟಿದ್ದ ಪದವಿ ಅದು! ಮನೆಗೆ ಬಂದವರೇ ಕನ್ನಡಿ ಮುಂದೆ ನಿಂತು ಸ್ವೀಕಾರ ಭಾಷಣ ಶುರು ಮಾಡಿದರು.

“ರೀ, ಭಾನುವಾರದ್ದು ಬೇಡ ಕಣ್ರಿ” ಎಂದು ಟೈಲರಮ್ಮ ಬಾಗಿಲಲ್ಲಿ ನಿಂತರು. “ಆ ರೆಕಾರ್ಡಿಗೆ ಏನಾಗಿತ್ತು ಅಂದ್ರೆ...”

“ನೋಡು, ಅದರ ತಂಟೆಗೆ ಮಾತ್ರ ಹೋಗ್ಬೇಡ. ನೀನು ಕುರ್ಚಿ ಎಷ್ಟಿದೆ ಎಣಿಸು.”

“ಎಣಿಸ್ತೀನಿ” ಎಂದರು ಟೈಲರಮ್ಮ. “ಆಮೇಲೆ ನನ್ನ ಬಯ್ಯೋ ಹಾಗಿಲ್ಲ. ಎರಡು ಸಲ ಹೇಳೋಕೆ ಬಂದಿದೀನಿ.”

ಭಾನುವಾರ ಹನ್ನೊಂದು ಜನ ಬಂದರು. ಇದ್ದ ಕುರ್ಚಿ ಏಳು. ಉಳಿದವರು ನೆಲದ ಮೇಲೆ, ಹೊಲಿಗೆ ಬಟ್ಟೆಯ ಗಂಟುಗಳ ಮೇಲೆ ಕೂತರು. ಗಡಿಯಾರ ರಿಪೇರಿಯವರಿಗೆ ಪ್ಲೇಯರಿನ ಪಕ್ಕದ ಮೊಣಕಾಲೆತ್ತರದ ಸ್ಟೂಲೇ ಗತಿಯಾಯಿತು. ಸಂಕೋಚದ ಮನುಷ್ಯ, ಬಳಗ ಸೇರಿ ಎರಡು ತಿಂಗಳಾಗಿತ್ತಷ್ಟೆ, ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಯಜಮಾನರು ಮೊದಲು ಹೊಸದನ್ನು ಹಾಕಿದರು. ಬೇಸ್ ನುಣ್ಣಗೆ ಬಂದು ಹೋಯಿತು. “ಕೇಳಿದ್ರಾ? ಬರೀ ಬೋಳು! ಈಗ ಅಸಲಿದು ಕೇಳಿ!” ಹಳೆಯ ತಟ್ಟೆ ತಿರುಗತೊಡಗಿತು.

ಟೊಕ್! ಹನ್ನೊಂದು ತಲೆಗಳು ಆಡಿದವು. ಟೊಕ್! “ಆಹಾ!” ಎಂದರು ಮಾಸ್ತರರು. ಟೊಕ್! ಯಾರೋ ಕಣ್ಣೊರೆಸಿಕೊಂಡರು. ಒಂಬತ್ತನೆಯದು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ! ಗಡಿಯಾರದವರು ಮಾತ್ರ ಬಗ್ಗಿ ತಟ್ಟೆಯನ್ನೇ ನೋಡುತ್ತಿದ್ದರು.

“ಇನ್ನೊಂದ್ಸಲ ಹಾಕ್ತೀರಾ?” ಎಂದರು ಮೆಲ್ಲಗೆ.

“ಹತ್ತು ಸಲ ಹಾಕ್ತೀನಿ!” ಎಂದರು ಯಜಮಾನರು.

ಹಾಕಿದರು. ಟೊಕ್, ಟೊಕ್, ಟೊಕ್. ಗಡಿಯಾರದವರು ಬೆರಳು ತೋರಿಸಿದರು. “ನಡುವಿನ ಚೀಟಿ ಮೇಲೆ ಟ್ರಂಪೆಟ್ ಚಿತ್ರ ಇದೆ ನೋಡಿ. ಅದು ಕಿಟಕಿ ಕಡೆ ತಿರುಗಿದಾಗ್ಲೆಲ್ಲ ಟೊಕ್ ಅಂತಿದೆ. ತಟ್ಟೆ ಒಂದು ಸುತ್ತು, ಟೊಕ್ ಒಂದು. ನಮ್ಮ ಕಸುಬಲ್ಲಿ ಹೀಗೆ ಸುತ್ತಿಗೊಂದ್ಸಲ ಸದ್ದು ಬಂದ್ರೆ ಚಕ್ರಕ್ಕೇ ಏನೋ ಆಗಿದೆ ಅಂತ ಲೆಕ್ಕ.”

ಗಡಿಯಾರದವರು ಜೇಬಿನಿಂದ ತಮ್ಮ ಕಣ್ಣುಮಸೂರ ತೆಗೆದರು. ಯಜಮಾನರು ಅದನ್ನು ಕಸಿದುಕೊಂಡು ತಾವೇ ತಟ್ಟೆಯ ಮೇಲೆ ಬಾಗಿದರು. ಇತ್ತು! ಒಂದು ಪುಟ್ಟ ಗೀರು. ಸಾಸಿವೆ ಕಾಳಿನಷ್ಟು. ಒಂಬತ್ತು ಗೆರೆಗಳನ್ನು ಅಡ್ಡಡ್ಡ ಹಾಯ್ದು, ಹತ್ತನೆಯದಕ್ಕೆ ಸುಮ್ಮನಾಗಿತ್ತು. ಊರಿಗೆಲ್ಲ ಕನ್ನಡಕ ಹಾಕಿಸಿದ ಮನುಷ್ಯ, ಮನೆತುಂಬ ಮಸೂರ ಇಟ್ಟುಕೊಂಡ ಮನುಷ್ಯ, ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿಕೊಂಡು ಕೇಳಿದ್ದರು! ಬಂದು ತಮ್ಮ ಕುರ್ಚಿಯಲ್ಲಿ ದೊಪ್ಪನೆ ಕೂತರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲದ ಮೇಲೂ ಬಳಗದವರೇ ಕೂತಿದ್ದರು.

“ಯಾರು?” ಎಂದು ಗುಡುಗಿದರು. “ಯಾರು ಮಾಡಿದ್ದು ಇದನ್ನ?”

“ಡ್ರಮ್ಮಿನೋನಲ್ಲ” ಎಂದರು ಟೈಲರಮ್ಮ, ಹೊಲಿಗೆ ಯಂತ್ರದ ಹಿಂದಿನಿಂದ. “ನಾನು.”

ಹನ್ನೊಂದು ತಲೆಗಳು ಆ ಕಡೆ ತಿರುಗಿದವು.

“ಮದುವೆಯಾದ ವರ್ಷ. ಇವರಿಗೆ ಒಂದು ದುಂಡು ಕುಶನ್ನು ಮಾಡಿಕೊಡೋಣ ಅಂತ ಆಸೆ. ಸರಿಯಾಗಿ ದುಂಡಗೆ ಕತ್ತರಿಸೋಕೆ ಅಳತೆ ಬೇಕಲ್ಲ? ಇದು ಕಣ್ಣಿಗೆ ಬಿತ್ತು. ನೀಲಿ ಬಟ್ಟೆ ಮೇಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಲುಗಾಡದೇ ಇರ್ಲಿ ಅಂತ ಮೇಲೆ ಕತ್ತರಿ ಇಡೋಕೆ ಹೋದೆ, ಕೈ ಜಾರ್ತು. ಟೊಕ್ ಅಂತು. ಮೊದಲನೇ ಟೊಕ್ ಕೇಳಿದೋಳು ನಾನೇ.”

“ಮತ್ತೆ ಆವತ್ತೇ ಹೇಳೋಕೇನಾಗಿತ್ತು?”

“ಹೇಳೋಣ ಅಂತಾನೇ ನಡುಗ್ತಾ ನಿಂತಿದ್ದೆ. ನೀವು ಬಂದು ಹಾಕಿದ್ರಿ, ಟೊಕ್ ಅಂತು, ಎದ್ದು ಕುಣಿದಾಡಿಬಿಟ್ರಿ! ‘ಇಷ್ಟು ದಿನ ಇದು ಕಿವಿಗೇ ಬಿದ್ದಿರ್ಲಿಲ್ಲ ಕಣೇ, ಮದುವೆ ಆದ್ಮೇಲೆ ನನ್ನ ಕಿವಿ ಪಕ್ವ ಆಯ್ತು’ ಅಂದ್ರಿ. ಅಷ್ಟು ಖುಷಿಯಾಗಿರೋ ಗಂಡನಿಗೆ ಏನಂತ ಹೇಳ್ಲಿ?”

ಯಜಮಾನರು ನಿಧಾನಕ್ಕೆ ಎದ್ದು, ತಾವು ಕೂತಿದ್ದ ನೀಲಿ ಕುಶನ್ನನ್ನು ತೆಗೆದು ನೋಡಿದರು. ರೆಕಾರ್ಡನ್ನು ಅದರ ಮೇಲಿಟ್ಟರು. ಅಂಚಿಗೆ ಅಂಚು ಕೂಡಿತು. ಇಪ್ಪತ್ತೆರಡು ವರ್ಷ ಸಾಕ್ಷಿಯ ಮೇಲೇ ಕೂತಿದ್ದರು!

ಮೊದಲು ನಕ್ಕವರು ಗಡಿಯಾರದವರು. ನಕ್ಕು, ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ಆದರೆ ಬ್ಯಾಂಡ್ ಮಾಸ್ತರರಿಗೆ ತಮ್ಮ ವಾರ್ಷಿಕೋತ್ಸವ ನೆನಪಾಗಿ ತಡೆಯಲಾಗಲಿಲ್ಲ. “ಮಕ್ಕಳಿಗೆ ಎರಡು ತಿಂಗಳು ಕತ್ತರಿ ಬಿದ್ದಿದ್ದು ಕಲಿಸಿದೀನಲ್ಲಪ್ಪಾ!” ಎಂದು ಬಟ್ಟೆಗಂಟಿನ ಮೇಲೆ ಉರುಳಿಬಿದ್ದರು. ಆಮೇಲೆ ಹನ್ನೊಂದು ಜನರದೂ ಹೊಟ್ಟೆ ಹುಣ್ಣಾಯಿತು.

ಕೊನೆಗೆ ಮಾಸ್ತರರು ಕಣ್ಣೊರೆಸಿಕೊಂಡು ಎದ್ದರು. “ಬಂದ ಕೆಲಸ ಮುಗಿಸೋಣ. ಅಧ್ಯಕ್ಷರು. ನಾವೆಲ್ಲ ಇಷ್ಟು ವರ್ಷ ತಲೆ ಆಡಿಸಿದ್ವಿ. ತಾನು ಏನು ಕೇಳ್ತಿದೀನಿ ಅಂತ ಸರಿಯಾಗಿ ಗೊತ್ತಿದ್ದೋರು ಈ ಮನೇಲಿ ಒಬ್ಬರೇ.”

ಹನ್ನೊಂದು ಕೈಗಳೂ ಎದ್ದವು. ಟೈಲರಮ್ಮ ಅವಿರೋಧವಾಗಿ ಆಯ್ಕೆಯಾದರು. ಕನ್ನಡಿ ಮುಂದೆ ಪಳಗಿಸಿದ ಸ್ವೀಕಾರ ಭಾಷಣ ಯಜಮಾನರ ಜೇಬಿನಲ್ಲೇ ಮುದುಡಿಕೊಂಡಿತು. ಮರುದಿನ ಅವರು ಕಂಪನಿಗೆ ಒಂದೇ ಸಾಲಿನ ಪತ್ರ ಹಾಕಿದರು: “ಆ ಏಟು ಹಾಕಿದವರು ನಿಮ್ಮವರಲ್ಲ, ನಮ್ಮ ಮನೆಯವರು, ಕ್ಷಮೆಯಿರಲಿ.”

ಆ ಸಂಜೆ ಹೊಸ ರೆಕಾರ್ಡನ್ನು ಹಾಕಿಕೊಂಡು ಹಳೆಯ ಕುಶನ್ನಿನ ಮೇಲೆ ಕೂತರು. ಎಷ್ಟು ಚೊಕ್ಕವಾಗಿತ್ತು! ಆದರೂ ಬೇಸ್ ಬಂದಾಗ ಎದೆಯೊಳಗೆ ಏನೋ ಖಾಲಿ ಖಾಲಿ. ಮೂಗೆಳೆದುಕೊಂಡರು. ಅಷ್ಟರಲ್ಲಿ ಹೊಲಿಗೆ ಯಂತ್ರದ ಕಡೆಯಿಂದ, ಮೇಜಿನ ಮೇಲೆ ಕತ್ತರಿಯ ಹಿಡಿ: ಟೊಕ್! ಸ್ವಲ್ಪ ಬಿಟ್ಟು ಮತ್ತೆ ಟೊಕ್! ಯಜಮಾನರು ತಿರುಗಿ ನೋಡಲಿಲ್ಲ. ಮುಖ ಅರಳಿತು. ಒಂಬತ್ತೂ ಬಂದವು.

“ನಾಲ್ಕನೇದು ಕೂದಲೆಳೆಯಷ್ಟು ತಡ ಆಯ್ತು ಕಣೇ” ಎಂದರು ಕಣ್ಣು ಮುಚ್ಚಿಕೊಂಡೇ.

“ಹತ್ತನೇದು ಸರಿಯಾಗೇ ಬೀಳತ್ತೆ” ಎಂದರು ಅಧ್ಯಕ್ಷರು. “ಸ್ವಲ್ಪ ತಲೆ ಈ ಕಡೆ ತನ್ನಿ.”