ಬೀಳದ ಫ್ಯಾನು

"ಅಕ್ಕಾ, ಊರಾಗಿನ ಫ್ಯಾನೆಲ್ಲಾ ಬಿದ್ರೂ ಇದು ಬೀಳಲ್ಲ!"

ನಮ್ಮ ಮುರಿಗೆಪ್ಪ ಮಾಮ ಎದೆಯುಬ್ಬಿಸಿ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ದಾವಣಗೆರೆಯ ನಮ್ಮ ಮಂಡಕ್ಕಿ ಹುರಿಯುವ ಭಟ್ಟಿಯ ತಗಡಿನ ಸೂರಿನಲ್ಲಿ, ಗಾಡಿಯ ಚಕ್ರದಷ್ಟು ದೊಡ್ಡ ಕಾರ್ಖಾನೆ ಫ್ಯಾನು ತೂಗುತ್ತಿತ್ತು.

ಆ ಬೇಸಿಗೆಯಲ್ಲಿ ಅವ್ವ ಒಲೆಯ ಮುಂದೆ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ಗಾಳಿ ಬರದಿದ್ದರೆ ಭಟ್ಟಿ ಬಿಟ್ಟುಬಿಡಿ ಎಂದಿದ್ದರು ಡಾಕ್ಟರು. ಬಿಡುವುದೆಂದರೇನು? ಅಪ್ಪ ಹೋದ ಮೇಲೆ ಅವಳಿಗೆ ಇದ್ದದ್ದೇ ಅದು! ಅದಕ್ಕೇ ಮಾಮ ತನ್ನ ರೇಡಿಯೋ ರಿಪೇರಿ ಅಂಗಡಿಗೆ ಬೀಗ ಜಡಿದು ಮೂರು ತಿಂಗಳು ಈ ಫ್ಯಾನಿನ ಜೊತೆ ಗುದ್ದಾಡಿದ್ದ. ಅಕ್ಕನೆಂದರೆ ಅವನಿಗೆ ಅಷ್ಟು ಜೀವ.

"ಬೋಲ್ಟು ಸಡಿಲಾದ್ರೆ?" ಅವ್ವ ಕೇಳಿದಳು.

"ಫ್ಯಾನಿನ ಮ್ಯಾಲಿನ ಈ ಪೆಟ್ಟಿಗೆ ನೋಡು. ಫ್ಯಾನು ಅರ್ಧ ಇಂಚು ಜಾರಿದ್ರೂ ಇದಕ್ಕೆ ಗೊತ್ತಾಗ್ತತಿ. ಹತ್ತು ಪಟ್ಟು ಜೋರಾಗಿ ತಿರುಗಿಸಿ ಫ್ಯಾನನ್ನ ಮೇಲಕ್ಕೆ ಎತ್ತತತಿ!"

"ಕರೆಂಟು ಹೋದ್ರೆ?"

"ಪೆಟ್ಟಿಗ್ಯಾಗೇ ಬ್ಯಾಟರಿ ಐತಿ!"

"ಪೆಟ್ಟಿಗೇನೇ ಕೆಟ್ರೆ?"

ಮಾಮ ತಲೆ ಕೆರೆದುಕೊಂಡ. ಅವ್ವ ಸೀರೆಯ ಸೆರಗು ಸಿಕ್ಕಿಸಿ ತಾನೇ ಏಣಿ ಹತ್ತಿ, ಮಂಡಕ್ಕಿ ಮೂಟೆ ಕಟ್ಟುವ ಹಗ್ಗದಿಂದ ಫ್ಯಾನನ್ನು ಸೂರಿನ ನಾಲ್ಕೂ ತೊಲೆಗಳಿಗೆ ಬಿಗಿದಳು. ಅವಳು ಹಾಕಿದ ಗಂಟನ್ನು ಬಿಚ್ಚಿದವರು ಊರಲ್ಲೇ ಇರಲಿಲ್ಲ!

ಮಾಮ ಸ್ವಿಚ್ ಒತ್ತಿದ. ಆಹಾ, ಏನು ಗಾಳಿ! ಅವ್ವ ಕಣ್ಣು ಮುಚ್ಚಿ ನಿಂತಳು. ಮಾಮನ ಕಣ್ಣು ತುಂಬಿ ಬಂತು.

ಟಕ್! ಒಂದು ಬೋಲ್ಟು ಜಾರಿತು.

ಪೆಟ್ಟಿಗೆಗೆ ಗೊತ್ತಾಗಿಯೇ ಬಿಟ್ಟಿತು. ಫ್ಯಾನು ಭೋರ್ ಎಂದಿತು! ರಾಶಿ ಹಾಕಿದ್ದ ಮಂಡಕ್ಕಿಯೆಲ್ಲ ಬಾಗಿಲಿನಿಂದ ಬೀದಿಗೆ ಹಾರಿತು. ಒಲೆ ಆರಿತು. ಸೂರು ಕಿರ್ರೆಂದಿತು.

"ಮಾಮಾ, ಹಗ್ಗ ಹರೀತತೇನೋ!" ಎಂದು ಕೂಗಿದೆ.

"ನಮ್ಮಕ್ಕ ಕಟ್ಟಿದ್ದು, ಹೆಂಗೆ ಹರೀತತಿ?"

"ಮತ್ತೆ ಸೂರು?"

ಅದನ್ನು ಅವನು ಯೋಚಿಸಿರಲಿಲ್ಲ. ಮೊಳೆಗಳು ಪಟಪಟ ಕಿತ್ತು ಬಂದು, ಇಡೀ ಸೂರು ಫ್ಯಾನಿನ ಜೊತೆ ಗೋಡೆ ಬಿಟ್ಟು ಎದ್ದಿತು!

"ಆಫ್ ಮಾಡೋ!" ಅವ್ವ ಅರಚಿದಳು. ಮಾಮ ವೈರನ್ನೇ ಕಿತ್ತ. ಬ್ಯಾಟರಿ ಶುರುವಾಯಿತು!

ಸೂರು ಸ್ವಲ್ಪ ಇಳಿದರೆ ಸಾಕು, ಫ್ಯಾನು ಬಿತ್ತೆಂದು ತಿಳಿದು ಪೆಟ್ಟಿಗೆ ಮತ್ತೆ ಮೇಲಕ್ಕೆತ್ತುತ್ತಿತ್ತು. ಬೀದಿಯ ಜನ ಟವಲು ಹಾಸಿ ಮಂಡಕ್ಕಿ ಹಿಡಿಯುತ್ತಿದ್ದರು. ಎದುರಿನ ಹೋಟೆಲಿನವನಂತೂ, "ಮಂಡಕ್ಕಿ ಜೋಡಿ ಮಿರ್ಚಿ ಬಜ್ಜಿ ಬಿಸಿ ಐತಿ, ಬರ್ರಿ!" ಎಂದು ಕೂಗತೊಡಗಿದ. ಕೊನೆಗೆ ಬ್ಯಾಟರಿ ಸೋತು, ಸೂರು ಭಟ್ಟಿಯ ಪಕ್ಕದ ಖಾಲಿ ಮೈದಾನಕ್ಕೆ ತೇಲಿ, ಕಾವಿಗೆ ಕೂರುವ ಕೋಳಿಯಂತೆ ಮೆಲ್ಲಗೆ ಕೂತಿತು.

ಮಾಮ ತಲೆಯ ಮೇಲೆ ಕೈಹೊತ್ತು ಕುಳಿತ. "ತಪ್ಪಾತಕ್ಕಾ. ನಿನ್ನ ಭಟ್ಟೀನೇ ಹಾಳು ಮಾಡಿದೆ."

ಬಯಲಾದ ಗೋಡೆಗಳ ಮೇಲಿಂದ ಸಂಜೆಗಾಳಿ ಇಳಿದು ಬರುತ್ತಿತ್ತು. ಅವ್ವ ಕತ್ತಿನ ಬೆವರು ಒರೆಸಿಕೊಂಡಳು.

"ಲೇ ಮುರಿಗೆಪ್ಪಾ, ತಣ್ಣಗೈತಲ್ಲೋ!"

ಎಂದವಳೇ ಹೊಟ್ಟೆ ಹಿಡಿದು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಸೂರನ್ನು ಫ್ಯಾನಿನ ಸಮೇತ ಮತ್ತೆ ಹಾಕಿಸಿದಾಗ ಗೋಡೆಗಿಂತ ಮೂರಡಿ ಎತ್ತರದಲ್ಲಿ ಕಂಬಗಳ ಮೇಲೆ ಕೂರಿಸಿದರು. ಸುತ್ತಲಿಂದ ಗಾಳಿ ಆಡಿತು. ಅವ್ವ ಮತ್ತೆಂದೂ ತಲೆಸುತ್ತಿ ಬೀಳಲಿಲ್ಲ. ಹದಿನಾಲ್ಕು ವರ್ಷ ಭಟ್ಟಿ ನಡೆಸಿದಳು.

ಈಗ ಅವ್ವನೂ ಇಲ್ಲ, ಮಾಮನೂ ಇಲ್ಲ. ಅವ್ವನ ಗಂಟು ಬಿಚ್ಚಲು ಯಾರಿಗೂ ಆಗದೆ ಫ್ಯಾನು ಮಾತ್ರ ಅಲ್ಲೇ ತೂಗುತ್ತಿದೆ. ಮಾಮ ಸುಳ್ಳೇನೂ ಹೇಳಿರಲಿಲ್ಲ. ಅದು ಇನ್ನೂ ಬಿದ್ದಿಲ್ಲ.